ಬೋರ್ಡು ನೋಡಿದ್ದು ಸಾಕು, ಬೋರ್‌ವೆಲ್ ನೋಡಿ

ಸಿಇಟಿ ಫಲಿತಾಂಶ ಬಂದ ವಾರ ನಮ್ಮ ಕಡೆ ಎಲ್ಲರೂ ಶಿಕ್ಷಣ ತಜ್ಞರೇ. ಹಾಲಿನ ಡೇರಿಗೆ ಹೋದರೆ ಅಲ್ಲೊಂದು ಸಲಹೆ. ಮದುವೆ ಮನೆಯ ಪಂಕ್ತಿಯಲ್ಲಿ ಕೂತರೆ ಎಲೆಗೆ ಅನ್ನ ಬೀಳುವ ಮೊದಲೇ ಇನ್ನೊಂದು ಸಲಹೆ. ‘ಕಂಪ್ಯೂಟರ್ ಸೈನ್ಸ್ ಬಿಟ್ಟು ಬೇರೆ ತಗೊಂಡೀಯ, ಹುಷಾರು’ ಎನ್ನುವವರು ಒಬ್ಬರು. ‘ಬೆಂಗಳೂರಿಗೆ ಹೋಗದಿದ್ದರೆ ಎಂಜಿನಿಯರಿಂಗ್ ಓದೋದೇ ದಂಡ’ ಎನ್ನುವವರು ಇನ್ನೊಬ್ಬರು. ಈ ವರ್ಷ ಇದನ್ನೆಲ್ಲ ಕೇಳಿಸಿಕೊಳ್ಳುವ ಸರದಿ ನನ್ನ ತಂಗಿಯದು. ಕೆಲವು ವರ್ಷಗಳ ಹಿಂದೆ ಅದು ನನ್ನದಾಗಿತ್ತು. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳಬೇಕು ಅನ್ನಿಸಿ ಬರೆಯುತ್ತಿದ್ದೇನೆ.

ನನಗೆ ಬಂದಿದ್ದ ರ‍್ಯಾಂಕಿಗೆ ಬೆಂಗಳೂರಿನ ಹೆಸರುವಾಸಿ ಕಾಲೇಜುಗಳಲ್ಲಿ ಸಿಇಟಿ ಮೂಲಕ ಕಂಪ್ಯೂಟರ್ ಸೈನ್ಸ್ ಸಿಗುವಂತಿರಲಿಲ್ಲ. ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಕೊಡಿಸುತ್ತೇನೆ, ನಾಲ್ಕು ವರ್ಷಕ್ಕೆ ಒಟ್ಟು 12 ಲಕ್ಷ ಆಗುತ್ತದೆ ಎಂದು ಒಬ್ಬ ಮಧ್ಯವರ್ತಿ ಲೆಕ್ಕ ಕೊಟ್ಟ. ನಮಗಿರುವುದು ಮೂರೂವರೆ ಎಕರೆ. ಅದರಲ್ಲಿ ನೀರಿರುವ ಎರಡು ಎಕರೆಯ ಪಹಣಿ ಹಿಡಿದು ಅಪ್ಪ ಆಗಲೇ ಬ್ಯಾಂಕಿಗೆ ಹೋಗಿ ಬಂದಿದ್ದರು. ಮಗಳ ಓದಿಗೆ ಭೂಮಿ ಅಡ ಇಡುವುದಕ್ಕೆ ಅವರು ಹಿಂದೆ ಮುಂದೆ ನೋಡಿರಲಿಲ್ಲ. ಹಿಂದೆ ಮುಂದೆ ನೋಡುವ ಕೆಲಸ ನನ್ನದಾಗಿತ್ತು.

ಅಂದು ರಾತ್ರಿ ಫೋನಿನ ಕ್ಯಾಲ್ಕ್ಯುಲೇಟರ್ ಹಿಡಿದು ಕೂತೆ. 12 ಲಕ್ಷ ಸಾಲ, ಶೇ 10ರ ಬಡ್ಡಿ, 10 ವರ್ಷದ ಕಂತು ಎಂದು ಹಿಡಿದರೆ ತಿಂಗಳಿಗೆ ಸುಮಾರು 15,850 ರೂಪಾಯಿ. ಓದುವಾಗ ಕಂತು ಕಟ್ಟಬೇಕಿಲ್ಲದಿದ್ದರೂ ಬಡ್ಡಿ ಓಡುತ್ತಲೇ ಇರುತ್ತದೆ. ಅದನ್ನು ಈ ಲೆಕ್ಕಕ್ಕೆ ಸೇರಿಸಿಯೇ ಇಲ್ಲ. ವರ್ಷಕ್ಕೆ 3 ಲಕ್ಷದ ಕೆಲಸ ಸಿಕ್ಕಿದರೆ ತಿಂಗಳಿಗೆ 25,000. ಬೆಂಗಳೂರಿನ ಪಿ.ಜಿ. ಬಾಡಿಗೆ, ಊಟ, ಬಸ್ಸು ಕಳೆದರೆ ಕಂತಿಗೆ ಉಳಿಯುವುದು ಎಷ್ಟು?

ನಮ್ಮಪ್ಪ ಪ್ರತಿ ವರ್ಷ ಅಷ್ಟೋ ಇಷ್ಟೋ ಹೊಲ ಗುತ್ತಿಗೆಗೆ ತೆಗೆದುಕೊಳ್ಳುತ್ತಾರೆ. ಅದು ಯಾರ ಹೊಲ ಎನ್ನುವುದನ್ನು ಅವರು ವಿಚಾರಿಸುವುದು ಕೊನೆಗೆ. ಮೊದಲು ಬೋರ್‌ವೆಲ್ ಚಾಲೂ ಮಾಡಿಸಿ ಎಷ್ಟು ಇಂಚು ನೀರು ಬರುತ್ತದೆ ಎಂದು ನೋಡುತ್ತಾರೆ. ಹತ್ತು ನಿಮಿಷವಲ್ಲ, ಎರಡು ಗಂಟೆ ಓಡಿಸಿ ನೋಡುತ್ತಾರೆ. ಮಣ್ಣನ್ನು ಕೈಯಲ್ಲಿ ಹಿಡಿಯುತ್ತಾರೆ. ಗಾಡಿ ಹೋಗಲು ದಾರಿ ಇದೆಯೇ ನೋಡುತ್ತಾರೆ. ಪಕ್ಕದ ಹೊಲದವರನ್ನು ಮಾತಾಡಿಸುತ್ತಾರೆ. ‘ಅಪ್ಪ, ಕಾಲೇಜನ್ನೂ ಹಾಗೇ ನೋಡೋಣ. ಆಮೇಲೆ ಬ್ಯಾಂಕಿಗೆ ಹೋಗೋಣ’ ಎಂದೆ. ಅಪ್ಪ ಒಪ್ಪಿದ್ದು ಆ ಮಾತಿಗೆ.

ಮೊದಲು ಕಾಗದ ಓದಿ

ಕಾಲೇಜಿನ ಜಾಹೀರಾತು ಓದುವುದು ಬೇರೆ, ಕಾಗದ ಓದುವುದು ಬೇರೆ. ‘ನ್ಯಾಕ್ ಎ ಗ್ರೇಡ್’ ಎಂದು ಗೇಟಿನ ಮೇಲೆ ದೊಡ್ಡದಾಗಿ ಬರೆದಿರುತ್ತಾರೆ. ನ್ಯಾಕ್ ನೋಡುವುದು ಇಡೀ ಸಂಸ್ಥೆಯನ್ನು. ಎನ್‌ಬಿಎ ಮಾನ್ಯತೆ ಹಾಗಲ್ಲ, ಅದು ಒಂದೊಂದು ಕೋರ್ಸಿಗೆ ಪ್ರತ್ಯೇಕವಾಗಿ ಸಿಗುತ್ತದೆ. ಒಂದೇ ಕಾಲೇಜಿನಲ್ಲಿ ಮೆಕ್ಯಾನಿಕಲ್‌ಗೆ ಎನ್‌ಬಿಎ ಇದ್ದು, ನಿಮಗೆ ಸಿಗುವ ಎಲೆಕ್ಟ್ರಾನಿಕ್ಸ್‌ಗೆ ಇಲ್ಲದಿರಬಹುದು. ಮಾನ್ಯತೆಗೆ ಅವಧಿಯೂ ಇರುತ್ತದೆ. ಯಾವ ಕೋರ್ಸಿಗೆ, ಯಾವ ವರ್ಷದವರೆಗೆ ಎಂದು ನೋಡದೆ ಬೋರ್ಡನ್ನು ನಂಬಬೇಡಿ.

ಎರಡನೆಯದು ಸಂಬಳದ ಅಂಕಿ. ‘ಅತಿ ಹೆಚ್ಚು ಪ್ಯಾಕೇಜ್’ ಎಂದು ಹಾಕುವುದು ಒಬ್ಬ ವಿದ್ಯಾರ್ಥಿಯ ಕಥೆ. ‘ಸರಾಸರಿ ಪ್ಯಾಕೇಜ್’ ಕೂಡ ಕಣ್ಣು ಕಟ್ಟುತ್ತದೆ. ಐವರಲ್ಲಿ ನಾಲ್ವರಿಗೆ 3 ಲಕ್ಷ, ಒಬ್ಬರಿಗೆ 28 ಲಕ್ಷ ಸಿಕ್ಕಿತು ಎನ್ನಿ. ಸರಾಸರಿ 8 ಲಕ್ಷ! ಆದರೆ ಆ ಐವರಲ್ಲಿ 8 ಲಕ್ಷ ಕಂಡವರು ಒಬ್ಬರೂ ಇಲ್ಲ. ಐವರನ್ನೂ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿ ನಡುವೆ ನಿಂತವರನ್ನು ಕೇಳಿದರೆ 3 ಲಕ್ಷ ಎನ್ನುತ್ತಾರೆ. ಇದನ್ನೇ ಮೀಡಿಯನ್ ಅಥವಾ ಮಧ್ಯಾಂಕ ಎನ್ನುವುದು. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ‍್ಯಾಂಕಿಂಗ್ 2016ರಿಂದ ಬರುತ್ತಿದೆ. ಅದಕ್ಕೆ ಅರ್ಜಿ ಹಾಕಿದ ಸಂಸ್ಥೆಗಳು ಎಷ್ಟು ಮಂದಿ ಕೋರ್ಸ್ ಮುಗಿಸಿದರು, ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಮೀಡಿಯನ್ ಸಂಬಳ ಎಷ್ಟು, ಎಷ್ಟು ಮಂದಿ ಮುಂದೆ ಓದಲು ಹೋದರು ಎಂಬುದನ್ನೆಲ್ಲ ಕೊಡಬೇಕು. ಆ ಮಾಹಿತಿ ಕಾಲೇಜಿನ ವೆಬ್‌ಸೈಟಿನಲ್ಲೇ ಇರುತ್ತದೆ. ರ‍್ಯಾಂಕು ಎಷ್ಟೇ ಇರಲಿ, ಈ ಹಾಳೆ ಹುಡುಕಿ ಓದಿ. ಹಾಗೆಯೇ ಎಐಸಿಟಿಇ ನಿಯಮದಂತೆ ಎಂಜಿನಿಯರಿಂಗ್ ಕಾಲೇಜುಗಳು ‘ಮ್ಯಾಂಡೇಟರಿ ಡಿಸ್‌ಕ್ಲೋಶರ್’ ಎಂಬ ದಾಖಲೆ ಪ್ರಕಟಿಸಬೇಕು. ಅದರಲ್ಲಿ ಅಧ್ಯಾಪಕರ ಪಟ್ಟಿಯೂ ಶುಲ್ಕದ ವಿವರವೂ ಇರುತ್ತದೆ.

ಪ್ಲೇಸ್‌ಮೆಂಟ್ ಬಗ್ಗೆ ಕೇಳುವಾಗ ಒಂದು ಸಣ್ಣ ಪ್ರಶ್ನೆ ಸೇರಿಸಿ: ‘ಇದು ಆಫರ್‌ಗಳ ಲೆಕ್ಕವೋ, ವಿದ್ಯಾರ್ಥಿಗಳ ಲೆಕ್ಕವೋ?’ ಒಬ್ಬಳಿಗೇ ಮೂರು ಆಫರ್ ಬಂದರೆ ಕೆಲವು ಕಡೆ ಅದನ್ನು ಮೂರು ಎಂದೇ ಎಣಿಸುತ್ತಾರೆ.

ಆಮೇಲೆ ಕಾಲೇಜು ನೋಡಿ

ನಾನೂ ಅಪ್ಪನೂ ಮೂರು ಕಾಲೇಜು ನೋಡಿದೆವು. ಎರಡು ಬೆಂಗಳೂರಿನ ಖಾಸಗಿ ಕಾಲೇಜುಗಳು, ಒಂದು ಪಕ್ಕದ ಜಿಲ್ಲೆಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು. ರಜೆಯಲ್ಲಿ ಅಲ್ಲ, ತರಗತಿ ನಡೆಯುವ ಮಾಮೂಲಿ ದಿನ. ಅಡ್ಮಿಶನ್ ಕೌಂಟರಿನಲ್ಲಿ ಕೂತವರು ಕಟ್ಟಡ ತೋರಿಸುತ್ತಾರೆ. ನಾವು ನೋಡಬೇಕಾದದ್ದು ಬೇರೆ.

ಗ್ರಂಥಾಲಯದಲ್ಲಿ ನಿಮ್ಮ ವಿಷಯದ ನಾಲ್ಕು ಪುಸ್ತಕ ಕೈಗೆತ್ತಿಕೊಂಡು ಕೊನೆಯ ಹಾಳೆಗೆ ಅಂಟಿಸಿದ ದಿನಾಂಕದ ಚೀಟಿ ನೋಡಿ. ಎಲ್ಲವೂ ಕಂಪ್ಯೂಟರಿನಲ್ಲಿ ಆಗುವ ಕಡೆ ಪುಸ್ತಕದ ಅಂಚು ನೋಡಿದರೂ ಸಾಕು. ಓದಿದ ಪುಸ್ತಕ ಕೈಗೆ ಗೊತ್ತಾಗುತ್ತದೆ. ಲ್ಯಾಬಿನಲ್ಲಿ ಎಷ್ಟು ಯಂತ್ರ ಇವೆ ಎಂದು ಕೇಳಬೇಡಿ. ಒಂದು ಮೇಜಿಗೆ ಎಷ್ಟು ಜನ ನಿಲ್ಲುತ್ತಾರೆ ಎಂದು ಕೇಳಿ. ನಾವು ಹೋದ ಒಂದು ಹೊಳೆಯುವ ಕಾಲೇಜಿನಲ್ಲಿ ಆಸಿಲೋಸ್ಕೋಪುಗಳಿಗೆ ಹೊದಿಸಿದ್ದ ಪ್ಲಾಸ್ಟಿಕ್ ಕವರಿನ ಮೇಲೆ ದೂಳು ಕೂತಿತ್ತು. ಸರ್ಕಾರಿ ಕಾಲೇಜಿನವು ಹಳೆಯವು, ಒಂದೆರಡು ಕೆಟ್ಟಿದ್ದವು. ಆದರೆ ಉಳಿದವುಗಳ ಗುಂಡಿಗಳ ಮೇಲಿನ ಅಕ್ಷರ ಬೆರಳು ತಾಗಿ ತಾಗಿ ಅಳಿಸಿಹೋಗಿತ್ತು. ಅಪ್ಪನಿಗೆ ಆಸಿಲೋಸ್ಕೋಪ್ ಎಂದರೇನೆಂದು ತಿಳಿಯದು. ಆದರೂ ‘ಇದು ಓಡೋ ಬೋರು’ ಎಂದರು.

ಪಕ್ಕದ ಹೊಲದವರು ಎಂದರೆ ಇಲ್ಲಿ ಸೀನಿಯರ್‌ಗಳು. ಬಸ್‌ಸ್ಟಾಪಿನಲ್ಲಿ ನಿಂತ ಕೊನೆಯ ವರ್ಷದವರನ್ನು ಮಾತಾಡಿಸಿ. ‘ಕಾಲೇಜು ಹೇಗಿದೆ’ ಎಂದರೆ ‘ಪರವಾಗಿಲ್ಲ’ ಎನ್ನುತ್ತಾರೆ. ಆ ಪ್ರಶ್ನೆ ಬೇಡ. ‘ಕಳೆದ ವಾರ ಎಷ್ಟು ಕ್ಲಾಸ್ ನಡೆಯಿತು? ಈ ಸೆಮಿಸ್ಟರಿನಲ್ಲಿ ಪಾಠವೇ ಆಗದ ವಿಷಯ ಇದೆಯಾ? ಡೌಟ್ ಇದ್ದರೆ ಯಾರ ಹತ್ತಿರ ಹೋಗುತ್ತೀರಿ?’ ಎಂದು ಕೇಳಿ. ಮೂರನೇ ಪ್ರಶ್ನೆಗೆ ಮೂವರೂ ಒಂದೇ ಮೇಷ್ಟ್ರ ಹೆಸರು ಹೇಳಿದರೆ ಆ ಕಾಲೇಜಿನಲ್ಲಿ ನೀರಿದೆ ಎಂದರ್ಥ.

ದಾರಿಯನ್ನೂ ಲೆಕ್ಕ ಹಾಕಿ. ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ ಎಂದರೆ 200 ದಿನಕ್ಕೆ 800 ಗಂಟೆ ಬಸ್ಸಿನಲ್ಲೇ ಕಳೆಯುತ್ತದೆ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಿನ ಟಿಕೆಟ್ ಖರ್ಚು ಉಳಿಯಿತು, ಆದರೆ ಗಂಟೆಗಳು ಉಳಿಯಲಿಲ್ಲ. ಕೊನೆಯ ಬಸ್ ಎಷ್ಟಕ್ಕೆ, ಗ್ರಂಥಾಲಯ ಮುಚ್ಚುವುದು ಎಷ್ಟಕ್ಕೆ, ಹಾಸ್ಟೆಲಿನಲ್ಲಿ ನೀರು, ಶೌಚಾಲಯ ಹೇಗಿವೆ ಎಂಬುದನ್ನು ನಾಚಿಕೆ ಬಿಟ್ಟು ಕೇಳಿ. ನಾಲ್ಕು ವರ್ಷ ಇರಬೇಕಾದವರು ನೀವು.

ಆಪ್ಷನ್ ಎಂಟ್ರಿಯ ದಿನ

ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸೀಟು ಹಂಚಿಕೆ ನಿಮ್ಮ ಪಟ್ಟಿಯನ್ನು ಮೇಲಿನಿಂದ ಕೆಳಗೆ ನೋಡುತ್ತಾ ಬರುತ್ತದೆ. ನಿಮ್ಮ ರ‍್ಯಾಂಕಿಗೂ ಮೀಸಲಾತಿಗೂ ಸಿಗುವ ಮೊದಲ ಆಯ್ಕೆಯನ್ನೇ ಕೊಡುತ್ತದೆ. ಹಾಗಾಗಿ ‘ಸಿಗಲಾರದು’ ಎಂದು ಇಷ್ಟದ ಕಾಲೇಜನ್ನು ಕೆಳಗೆ ಹಾಕಬೇಡಿ. ಸಿಕ್ಕರೂ ಹೋಗುವುದಿಲ್ಲ ಎನ್ನುವ ಕಾಲೇಜನ್ನು ಪಟ್ಟಿಗೇ ಸೇರಿಸಬೇಡಿ. ಹಿಂದಿನ ವರ್ಷಗಳ ಕಟ್‌ಆಫ್ ರ‍್ಯಾಂಕುಗಳು ಪ್ರಾಧಿಕಾರದ ವೆಬ್‌ಸೈಟಿನಲ್ಲಿ ಸಿಗುತ್ತವೆ. ಅಣಕು ಹಂಚಿಕೆ ಬಂದ ಮೇಲೆ ಪಟ್ಟಿಯನ್ನು ಹಿಂದೆ ಮುಂದೆ ಮಾಡಲು ಅವಕಾಶವಿರುತ್ತದೆ. ಸೀಟು ಹಂಚಿಕೆಯಾದ ಮೇಲೆ ಬರುವ ನಾಲ್ಕು ಚಾಯ್ಸ್‌ಗಳಲ್ಲಿ ಒಂದನೆಯದು ‘ಸಾಕು, ಸೇರುತ್ತೇನೆ’, ಎರಡನೆಯದು ‘ಇದು ಇರಲಿ, ಮೇಲಿನದಕ್ಕೆ ಮುಂದಿನ ಸುತ್ತಿಗೂ ಕಾಯುತ್ತೇನೆ’, ಮೂರನೆಯದು ‘ಇದು ಬೇಡ, ಮುಂದಿನ ಸುತ್ತಿಗೆ ಇರುತ್ತೇನೆ’, ನಾಲ್ಕನೆಯದು ‘ನನಗೆ ಸೀಟೇ ಬೇಡ’. ಅರ್ಥ ಮಾಡಿಕೊಳ್ಳದೆ ಸೈಬರ್ ಸೆಂಟರಿನವರ ಕೈಗೆ ಪಾಸ್‌ವರ್ಡ್ ಕೊಟ್ಟು ಬರಬೇಡಿ.

ಹಳ್ಳಿಯವರು, ಕನ್ನಡ ಮಾಧ್ಯಮದವರು ಇನ್ನೆರಡು ವಿಷಯ ಗಮನಿಸಿ. ಒಂದರಿಂದ ಹತ್ತನೇ ತರಗತಿವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲಾತಿ ಇದೆ. ಕಲ್ಯಾಣ ಕರ್ನಾಟಕದವರಿಗೆ 371ಜೆ ವಿಧಿಯಡಿ ಆ ಭಾಗದ ಕಾಲೇಜುಗಳಲ್ಲಿ ಶೇ 70, ಉಳಿದ ಕಡೆ ಶೇ 8 ಸೀಟುಗಳಿವೆ. ಕುಟುಂಬದ ಆದಾಯ ವರ್ಷಕ್ಕೆ 8 ಲಕ್ಷಕ್ಕಿಂತ ಕಡಿಮೆ ಇದ್ದರೆ ಬೋಧನಾ ಶುಲ್ಕ ವಿನಾಯಿತಿಯ ಎಸ್‌ಎನ್‌ಕ್ಯೂ ಸೀಟಿಗೆ ಅರ್ಹತೆ ಇರುತ್ತದೆ. ಪ್ರಮಾಣಪತ್ರಗಳನ್ನು ಫಲಿತಾಂಶಕ್ಕೆ ಮೊದಲೇ ಮಾಡಿಸಿಟ್ಟುಕೊಳ್ಳಿ. ಕೊನೆಯ ದಿನ ನಾಡಕಚೇರಿಯ ಸರ್ವರ್ ಯಾರ ಮಾತೂ ಕೇಳುವುದಿಲ್ಲ!

ನಾನು ಸರ್ಕಾರಿ ಕಾಲೇಜಿನ ಎಲೆಕ್ಟ್ರಾನಿಕ್ಸ್ ವಿಭಾಗವನ್ನು ಮೊದಲ ಆಯ್ಕೆಯಾಗಿ ಹಾಕಿದೆ. ಸಿಕ್ಕಿತು. ಹಿಂದುಳಿದ ವರ್ಗಗಳ ಹಾಸ್ಟೆಲಿನಲ್ಲಿ ಜಾಗವೂ ಸಿಕ್ಕಿತು. ನನ್ನ ಪಿಯುಸಿ ಗೆಳತಿ ಸಾಲ ಮಾಡಿ ಬೆಂಗಳೂರಿನ ಖಾಸಗಿ ಕಾಲೇಜಿಗೇ ಸೇರಿದಳು. ಆದರೆ ಅವಳೂ ಲ್ಯಾಬ್ ನೋಡಿ, ಸೀನಿಯರ್‌ಗಳನ್ನು ಕೇಳಿ, ಅಪ್ಪ ಅಮ್ಮ ಇಬ್ಬರ ಸಂಬಳದಲ್ಲಿ ಕಂತು ಕಟ್ಟಬಹುದು ಎಂದು ಲೆಕ್ಕ ಹಾಕಿಯೇ ಸೇರಿದ್ದು. ಅವಳ ಲೆಕ್ಕ ಅವಳಿಗೆ ಸರಿ, ನನ್ನದು ನನಗೆ.

ಹೊಲ ಸಿಕ್ಕಿತು, ಉಳುವವರು ಯಾರು?

ಸೇರಿದ ಮೇಲೆ ಹಳೆಯ ಕಟ್ಟಡದ ಒಳಗಿನ ಕೊರತೆಗಳೂ ಕಂಡವು. ಕಾಯಂ ಅಧ್ಯಾಪಕರ ಹುದ್ದೆಗಳು ಖಾಲಿ ಇದ್ದವು. ಮೂರನೇ ಸೆಮಿಸ್ಟರಿನ ಒಂದು ವಿಷಯಕ್ಕೆ ಐದು ವಾರ ಯಾರೂ ಬರಲಿಲ್ಲ. ನಾವು ಗೊಣಗುತ್ತಾ ಕೂರಲಿಲ್ಲ. ತರಗತಿಯ ಎಲ್ಲರೂ ಸಹಿ ಹಾಕಿ, ಎಷ್ಟು ಅವಧಿ ನಷ್ಟವಾಗಿದೆ ಎಂದು ದಿನಾಂಕ ಸಮೇತ ಬರೆದು ಪ್ರಿನ್ಸಿಪಾಲರಿಗೆ ಮನವಿ ಕೊಟ್ಟೆವು. ಮತ್ತೆರಡು ವಾರಕ್ಕೆ ಅತಿಥಿ ಉಪನ್ಯಾಸಕರೊಬ್ಬರು ಬಂದರು. ಅವರು ನನಗೆ ಸಿಕ್ಕ ಅತ್ಯುತ್ತಮ ಮೇಷ್ಟ್ರು. ಅವರ ಸಂಬಳ ತಿಂಗಳಾನುಗಟ್ಟಲೆ ತಡವಾಗುತ್ತಿತ್ತು ಎನ್ನುವುದು ನಮಗೆಲ್ಲ ಗೊತ್ತಿತ್ತು. ಆದರೂ ಸಂಜೆ ಕೂತು ಹೇಳಿಕೊಡುತ್ತಿದ್ದರು. ಅವರದೊಂದೇ ಷರತ್ತು: ‘ಅರ್ಥ ಆಗಲಿಲ್ಲ ಸರ್ ಅಂತ ಬರಬೇಡಿ. ಎಲ್ಲಿವರೆಗೆ ಅರ್ಥ ಆಯ್ತು ಅಂತ ಬರೆದುಕೊಂಡು ಬನ್ನಿ.’ ಈ ಒಂದು ಅಭ್ಯಾಸ ನಾಲ್ಕು ವರ್ಷ ನನ್ನನ್ನು ಕಾಪಾಡಿತು. ಯಾವ ಕಾಲೇಜಿನಲ್ಲಿ ಓದುತ್ತಿದ್ದರೂ ಪ್ರಯತ್ನಿಸಿ ನೋಡಿ. ಬರೆದುಕೊಂಡು ಹೋದ ವಿದ್ಯಾರ್ಥಿಯನ್ನು ವಾಪಸ್ ಕಳಿಸುವ ಮೇಷ್ಟ್ರು ತೀರಾ ಅಪರೂಪ.

ಮೇಷ್ಟ್ರು ಇಲ್ಲದ ವಿಷಯಗಳಿಗೆ ಎನ್‌ಪಿಟಿಇಎಲ್ ಇತ್ತು. ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ನಡೆಸುವ ಈ ಪಾಠಗಳನ್ನು ನೋಡಲು ದುಡ್ಡು ಬೇಡ. ಸರ್ಟಿಫಿಕೇಟ್ ಬೇಕಿದ್ದರಷ್ಟೇ ಪರೀಕ್ಷಾ ಶುಲ್ಕ. ಕೆಲವು ಪಾಠಗಳು ಕನ್ನಡ ಅನುವಾದದಲ್ಲೂ ಸಿಗುತ್ತವೆ. ಒಬ್ಬಳೇ ನೋಡಿದರೆ ಮೂರನೇ ವಿಡಿಯೊಗೆ ನಿದ್ದೆ ಬರುತ್ತದೆ. ನಾವು ನಾಲ್ವರು ಹಾಸ್ಟೆಲ್ ಹುಡುಗಿಯರು ಒಟ್ಟಿಗೆ ನೋಡಿ, ನಡುವೆ ನಿಲ್ಲಿಸಿ, ಲೆಕ್ಕ ಮಾಡಿ ಮುಂದೆ ಹೋಗುತ್ತಿದ್ದೆವು.

ಕನ್ನಡ ಮಾಧ್ಯಮದಿಂದ ಬಂದ ನನಗೆ ಇಂಗ್ಲಿಷ್ ಓದಿದರೆ ತಿಳಿಯುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ಪ್ರತಿ ಶನಿವಾರ ಖಾಲಿ ತರಗತಿಯಲ್ಲಿ ಒಬ್ಬೊಬ್ಬರು ಒಂದು ಸರ್ಕ್ಯೂಟನ್ನು ಬೋರ್ಡಿನ ಮೇಲೆ ಬರೆದು ಐದು ನಿಮಿಷ ಇಂಗ್ಲಿಷಿನಲ್ಲಿ ವಿವರಿಸುವುದು ಎಂದು ನಾವೇ ನಿಯಮ ಮಾಡಿಕೊಂಡೆವು. ಸ್ಪೋಕನ್ ಇಂಗ್ಲಿಷ್ ಕ್ಲಾಸಿನಲ್ಲಿ ‘ನಿಮ್ಮ ಹವ್ಯಾಸ ಏನು’ ಎಂದು ಹೇಳುವುದಕ್ಕಿಂತ ನಮಗೆ ಗೊತ್ತಿರುವ ವಿಷಯವನ್ನು ಹೇಳುವುದು ಸುಲಭ. ಇಂಟರ್‌ವ್ಯೂನಲ್ಲಿ ಕೇಳುವುದೂ ಅದನ್ನೇ.

ಲ್ಯಾಬಿನ ಕೀಲಿ ಇದ್ದದ್ದು ಒಬ್ಬ ಇನ್‌ಸ್ಟ್ರಕ್ಟರ್ ಬಳಿ. ಅವಧಿ ಮುಗಿದ ಮೇಲೆ ಒಂದು ಗಂಟೆ ಬಿಡುತ್ತೀರಾ ಸರ್ ಎಂದು ವಿಭಾಗದ ಮುಖ್ಯಸ್ಥರ ಸಹಿ ಹಾಕಿಸಿ ಪತ್ರ ಕೊಟ್ಟೆವು. ಅಲ್ಲೇ ನಮ್ಮ ಪ್ರಾಜೆಕ್ಟ್ ಹುಟ್ಟಿತು. ನಮ್ಮೂರಲ್ಲಿ ತ್ರೀ ಫೇಸ್ ಕರೆಂಟ್ ಪಾಳಿಯ ಮೇಲೆ ಬರುತ್ತದೆ, ಕೆಲವೊಮ್ಮೆ ರಾತ್ರಿ. ಬಂತೋ ಇಲ್ಲವೋ ನೋಡಲು ಅಪ್ಪ ಟಾರ್ಚ್ ಹಿಡಿದು ಹೊಲಕ್ಕೆ ಹೋಗುತ್ತಿದ್ದರು. ಮೂರೂ ಫೇಸ್ ಬಂದರೆ ಫೋನಿಗೆ ಸಂದೇಶ ಕಳಿಸುವ ಒಂದು ಸಣ್ಣ ಪೆಟ್ಟಿಗೆ ಮಾಡಿದೆವು. ಇಂಥವು ಅಂಗಡಿಯಲ್ಲೂ ಸಿಗುತ್ತವೆ, ನಾವೇನೂ ಹೊಸದನ್ನು ಕಂಡುಹಿಡಿಯಲಿಲ್ಲ. ಆದರೆ ವೋಲ್ಟೇಜ್ ಕಡಿಮೆಯಾದಾಗ ರಿಲೇ ಯಾಕೆ ಪಟಪಟ ಬಡಿದುಕೊಳ್ಳುತ್ತದೆ ಎಂದು ತಿಳಿಯಲು ನಮಗೆ ಮೂರು ವಾರ ಹಿಡಿಯಿತು. ರೆಡಿಮೇಡ್ ಪ್ರಾಜೆಕ್ಟ್ ಕೊಂಡವರಿಗೆ ಆ ಮೂರು ವಾರ ಸಿಗಲಿಲ್ಲ.

ಕಾಲೇಜು ಕೊಡದೇ ಇದ್ದದ್ದು

ಇದು ಎಲ್ಲ ಸುಖಾಂತ್ಯವಾದ ಕಥೆಯಲ್ಲ. ನಮ್ಮ ವಿಭಾಗಕ್ಕೆ ಒಂದೇ ಒಂದು ಎಲೆಕ್ಟ್ರಾನಿಕ್ಸ್ ಕಂಪನಿಯೂ ಕ್ಯಾಂಪಸ್‌ಗೆ ಬರಲಿಲ್ಲ. ಬೆಂಗಳೂರಿನ ಗೆಳತಿಗೆ ಕೊನೆಯ ವರ್ಷದಲ್ಲೇ ಕೆಲಸ ಸಿಕ್ಕಿತ್ತು. ನಾನು ಪದವಿ ಮುಗಿಸಿ ಏಳು ತಿಂಗಳು ಅಲೆದೆ. ಹಿಂದಿನ ಐದು ಬ್ಯಾಚಿನ ಸೀನಿಯರ್‌ಗಳು ಎಲ್ಲೆಲ್ಲಿದ್ದಾರೆ ಎಂದು ಪಟ್ಟಿ ಮಾಡಿ ಒಬ್ಬೊಬ್ಬರಿಗೂ ಬರೆದೆ. ‘ಕೆಲಸ ಕೊಡಿಸಿ’ ಎಂದಲ್ಲ, ‘ನಿಮ್ಮಲ್ಲಿ ಹೊಸಬರಿಗೆ ಏನು ಕೇಳುತ್ತಾರೆ’ ಎಂದು. ಹೆಚ್ಚಿನವರು ಉತ್ತರಿಸಲಿಲ್ಲ. ಉತ್ತರಿಸಿದ ಒಬ್ಬ ಅಕ್ಕನಿಂದ ಪೀಣ್ಯದ ಸಣ್ಣ ಕಾರ್ಖಾನೆಯೊಂದರ ಪರೀಕ್ಷೆಗೆ ಕರೆ ಬಂತು. ಇಂಟರ್‌ವ್ಯೂನ ಅರ್ಧ ಸಮಯ ಆ ಪಟಪಟ ರಿಲೇ ಬಗ್ಗೆಯೇ ಮಾತಾಯಿತು. ಈಗ ಅಲ್ಲಿ ಟೆಸ್ಟಿಂಗ್ ವಿಭಾಗದಲ್ಲಿದ್ದೇನೆ. ಸಂಬಳ ದೊಡ್ಡದಲ್ಲ. ಆದರೆ ಅದರಲ್ಲಿ ಒಂದು ರೂಪಾಯಿಯೂ ಕಂತಿಗೆ ಹೋಗುವುದಿಲ್ಲ, ಎರಡು ಎಕರೆ ಅಪ್ಪನ ಹೆಸರಲ್ಲೇ ಇದೆ. ಆ ಏಳು ತಿಂಗಳು ನೆಮ್ಮದಿಯಿಂದ ಕಾಯಲು, ಮೊದಲು ಸಿಕ್ಕ ಸಂಬಂಧವಿಲ್ಲದ ಕೆಲಸಕ್ಕೆ ‘ಬೇಡ’ ಎನ್ನಲು ಸಾಧ್ಯವಾದದ್ದೂ ಸಾಲ ಇಲ್ಲದ್ದರಿಂದಲೇ.

ನನ್ನ ಜೊತೆ ಅಷ್ಟೇ ಕಷ್ಟಪಟ್ಟ ಇಬ್ಬರು ಇನ್ನೂ ಕೆಲಸ ಹುಡುಕುತ್ತಿದ್ದಾರೆ. ಆದ್ದರಿಂದ ‘ಶ್ರಮಪಟ್ಟರೆ ಎಲ್ಲ ಸಿಗುತ್ತದೆ’ ಎಂದು ನಾನು ಹೇಳಲಾರೆ. ಒಳ್ಳೆಯ ಹೊಲದಲ್ಲೂ ಮಳೆ ಕೈಕೊಡುತ್ತದೆ. ಖಾಲಿ ಹುದ್ದೆ ತುಂಬುವುದು, ಅತಿಥಿ ಉಪನ್ಯಾಸಕರಿಗೆ ಸರಿಯಾಗಿ ಸಂಬಳ ಕೊಡುವುದು ಸರ್ಕಾರದ ಕೆಲಸ. ಅದನ್ನು ವಿದ್ಯಾರ್ಥಿಗಳ ಶ್ರಮದ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ.

ಆದರೆ ನಮ್ಮ ಕೈಯಲ್ಲಿರುವುದೂ ಕಡಿಮೆಯೇನಲ್ಲ. ಈಗಾಗಲೇ ಯಾವುದೋ ಕಾಲೇಜಿಗೆ ಸೇರಿ ‘ಇದು ನನ್ನ ಆಯ್ಕೆಯಲ್ಲ’ ಎಂದು ಕೂತಿರುವವರಿಗೂ ಈ ಮಾತು. ಈ ತಿಂಗಳೇ ಗ್ರಂಥಾಲಯದ ಕಾರ್ಡ್ ಮಾಡಿಸಿ. ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ವಿದ್ಯಾಸಿರಿ ಇದೆ, ಗಡುವು ಮೀರದಂತೆ ನೋಡಿಕೊಳ್ಳಿ. ಮೊದಲ ಸೆಮಿಸ್ಟರಿನಿಂದಲೇ ಬ್ಯಾಕ್‌ಲಾಗ್ ಉಳಿಸಿಕೊಳ್ಳಬೇಡಿ, ಏಕೆಂದರೆ ಎಷ್ಟೋ ಕಂಪನಿಗಳು ಅದು ಇದ್ದರೆ ಪರೀಕ್ಷೆಗೇ ಕೂರಿಸುವುದಿಲ್ಲ. ಒಬ್ಬ ಮೇಷ್ಟ್ರು, ಇಬ್ಬರು ಸೀನಿಯರ್‌ಗಳು, ಮೂವರು ಜೊತೆಗಾರರು ಇಷ್ಟು ಜನರನ್ನು ಸಂಪಾದಿಸಿ.

ತಂಗಿ ನಾಳೆಯಿಂದ ಕಾಲೇಜು ನೋಡಲು ಹೊರಟಿದ್ದಾಳೆ. ಜೊತೆಗೆ ಅಪ್ಪ. ಅವಳ ಆಯ್ಕೆ ನನ್ನದರಂತೆಯೇ ಇರಬೇಕಿಲ್ಲ. ನೀರು ನೋಡಿ ಬಂದರೆ ಸಾಕು.